ಮಗಳಿಗೊಂದು ಪತ್ರ: ಮತ್ತೆ ಅದೇ ಎದುರಾಳಿ

ಪುಟ್ಟಿ,

ಟೆನಿಸ್ ಟೂರ್ನಿಯ ಡ್ರಾದಲ್ಲಿ (ಯಾರಿಗೆ ಯಾರು ಎದುರಾಳಿ ಅನ್ನುವ ಪಟ್ಟಿಯಲ್ಲಿ) ಮತ್ತೆ ಅದೇ ಹುಡುಗಿ ಬಂದಿದ್ದಾಳೆ, ಆಡೋಕೇ ಮನಸ್ಸಿಲ್ಲ ಅಂತ ಮೆಸೇಜ್ ಹಾಕಿದ್ದೀಯ. ಆಡುವುದು ಬಿಡುವುದು ನಿನಗೆ ಬಿಟ್ಟದ್ದು. ಅದಕ್ಕೆ ಮುಂಚೆ ಟೆನಿಸ್ ಆಟಗಾರ್ತಿ ಮಾರ್ಟಿನಾ ನವ್ರಾಟಿಲೋವಾ ವಿಷಯ ಸ್ವಲ್ಪ ಕೇಳು.

ವಿಂಬಲ್ಡನ್ ಸಿಂಗಲ್ಸ್ 9 ಸಲ ಗೆದ್ದವರು ಅಂತ ನಿನಗೆ ಗೊತ್ತು. ಹೆಂಗಸರಲ್ಲಾಗಲಿ ಗಂಡಸರಲ್ಲಾಗಲಿ ಇನ್ಯಾರೂ ಅಷ್ಟು ಗೆದ್ದಿಲ್ಲ. ಆದರೆ ಅಮೆರಿಕದ ಆಟಗಾರ್ತಿ ಕ್ರಿಸ್ ಎವರ್ಟ್ ಎದುರು ಆಡಿದ ಮೊದಲ 25 ಪಂದ್ಯಗಳಲ್ಲಿ ಮಾರ್ಟಿನಾ ಸೋತದ್ದು 21. 1975ರ ಯುಎಸ್ ಓಪನ್ ಸೆಮಿಫೈನಲ್‌ನಲ್ಲಿ ಸೋತದ್ದೂ ಎವರ್ಟ್‌ಗೇ. ಆ ಸೋಲಿನ ಬೆನ್ನಲ್ಲೇ ಅಮೆರಿಕದಲ್ಲಿ ಆಶ್ರಯ ಕೇಳಿದರು. ಆಗ ವಯಸ್ಸು 18. ಅಪ್ಪ, ಅಮ್ಮ, ತಂಗಿ ಎಲ್ಲ ಚೆಕೊಸ್ಲೊವಾಕಿಯಾದಲ್ಲೇ ಉಳಿದರು. ನಿನ್ನ ವಯಸ್ಸಿಗೆ ಹತ್ತಿರವೇ, ಅಲ್ವಾ? ನನಗಂತೂ ಆ ಅಪ್ಪ ಅಮ್ಮನ ಯೋಚನೆಯೇ ಜಾಸ್ತಿ ಬರುತ್ತದೆ.

1981ರಲ್ಲಿ ಅಮೀಲಿಯಾ ಐಲೆಂಡ್ ಫೈನಲ್. ಎವರ್ಟ್ 6-0, 6-0. ಎರಡು ಸಲ ವಿಂಬಲ್ಡನ್ ಗೆದ್ದಿದ್ದ ಆಟಗಾರ್ತಿಗೆ ಒಂದೇ ಒಂದು ಗೇಮ್ ಸಿಗಲಿಲ್ಲ. ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ನ್ಯಾನ್ಸಿ ಲೀಬರ್ಮನ್ ಆ ವರ್ಷ ಅವರನ್ನು ಹಿಡಿದು ಕೂರಿಸಿದರು ಅನ್ನು: ನಿನ್ನ ಕೈಚಳಕ ಸರಿ, ಮೈ ಪಳಗಿಲ್ಲ ಅಂತ. ಓಟ, ಜಿಮ್, ಊಟದಲ್ಲಿ ಕಟ್ಟುನಿಟ್ಟು. ಟೆನಿಸ್ ಹುಡುಗಿಯರು ಭಾರ ಎತ್ತುವುದು ಆಗ ವಿಚಿತ್ರವಾಗಿ ಕಾಣುತ್ತಿತ್ತು. ಈಗ ನಿಮ್ಮ ಕೋಚ್ ಬೆಳಗ್ಗೆ ಬೆಳಗ್ಗೆ ಜಿಮ್‌ಗೆ ಅಟ್ಟುವಾಗ ಯಾರನ್ನು ಬೈಯಬೇಕು ಅಂತ ಗೊತ್ತಾಯಿತಲ್ಲ!

ಆಮೇಲಿನ ಆಟ ನೋಡಬೇಕು ನೀನು. ಎಡಗೈ ಸರ್ವ್. ಅಡ್ವಾಂಟೇಜ್ ಕೋರ್ಟ್‌ನಿಂದ, ಅಂದರೆ ತಮ್ಮ ಎಡಬದಿಯಿಂದ, ಹೊಡೆದರೆ ಚೆಂಡು ಸ್ಲೈಸ್ ಆಗಿ (ಪಕ್ಕಕ್ಕೆ ತಿರುಗುತ್ತಾ) ಹೊರಕ್ಕೆ ಜಾರಿಕೊಂಡು ಹೋಗುತ್ತದೆ. ಎದುರಿನವರು ಕೋರ್ಟ್ ಬಿಟ್ಟು ಆಚೆ ಓಡಿ ಹೇಗೋ ವಾಪಸ್ ಹಾಕುವಷ್ಟರಲ್ಲಿ ಮಾರ್ಟಿನಾ ನೆಟ್ ಹತ್ತಿರ ಬಂದು ನಿಂತಿರುತ್ತಾರೆ. ಚೆಂಡು ನೆಲಕ್ಕೆ ಬೀಳುವ ಮುಂಚೆಯೇ ಒಂದು ಹೊಡೆತ, ಅದೇ ವಾಲಿ, ಮುಗೀತು. 1983ರಲ್ಲಿ 86 ಪಂದ್ಯ ಗೆದ್ದು ಒಂದೇ ಒಂದು ಸೋತರು.

ಸುಮ್ನೆ ಕೂತಿರಲು ಎವರ್ಟ್ ಏನು ಕಡಿಮೆಯವರೇ? ಅವರೂ ಜಿಮ್‌ಗೆ ಹೋದರು. 1985ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಮೂರು ಸೆಟ್ ಆಡಿ ಮಾರ್ಟಿನಾರನ್ನು ಸೋಲಿಸಿದರು. ಕೊನೆಗೆ ಒಟ್ಟು 80 ಪಂದ್ಯ, ಮಾರ್ಟಿನಾ 43, ಎವರ್ಟ್ 37. ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ ಇಬ್ಬರಿಗೂ 18. ಇಬ್ಬರಿಗೂ ಕ್ಯಾನ್ಸರ್ ಬಂದಾಗ ಒಬ್ಬರಿಗೊಬ್ಬರು ಆಸರೆಯಾಗಿ ನಿಂತರು.

ಡಬಲ್ಸ್ ಕತೆ ಶುರು ಮಾಡಿದರೆ ಈ ಪತ್ರ ಮುಗಿಯುವುದಿಲ್ಲ. ನಮ್ಮ ಲಿಯಾಂಡರ್ ಪೇಸ್ ಜೊತೆ 2003ರಲ್ಲಿ ವಿಂಬಲ್ಡನ್ ಮಿಕ್ಸೆಡ್ ಡಬಲ್ಸ್ ಗೆದ್ದಾಗ ಅವರಿಗೆ 46 ವರ್ಷ, ಅಷ್ಟು ಹೇಳಿದರೆ ಸಾಕು.

ಆ 1985ರ ಫೈನಲ್‌ನ ವಿಡಿಯೊ ಸಿಕ್ಕರೆ ಪೂರ್ತಿ ನೋಡು. ನೆಟ್‌ಗೆ ನುಗ್ಗಿ ಬರುವವಳ ಪಕ್ಕದಿಂದ ಎವರ್ಟ್ ಬ್ಯಾಕ್‌ಹ್ಯಾಂಡ್‌ನಲ್ಲಿ ಚೆಂಡನ್ನು ಹೇಗೆ ದಾಟಿಸುತ್ತಾರೆ, ಗಮನಿಸು. ನಿನ್ನ ಆ ಹುಡುಗಿಯೂ ನೆಟ್‌ಗೆ ಬರುವವಳೇ ತಾನೆ?

ನಿನ್ನ
ಅಪ್ಪ