ಚಿತ್ರದೊಳಗೆ ಸಂದೇಶ: ಶನಿವಾರದ ಅಭ್ಯಾಸಕ್ಕೆ ಮೊದಲು ಓದಿ

ಎಲ್ಲರಿಗೂ ನಮಸ್ಕಾರ. ಚಿತ್ರದೊಳಗೆ ಗುಟ್ಟಿನ ಸಂದೇಶ ಬಚ್ಚಿಡುವ ಅಭ್ಯಾಸ ಶನಿವಾರ ಸಂಜೆ 6 ಗಂಟೆಗೆ. ಹೆಸರು ಕೊಟ್ಟ ಎಲ್ಲ ಜೋಡಿಗಳೂ ದಯವಿಟ್ಟು ಇದನ್ನು ಪೂರ್ತಿ ಓದಿ.

ಮುಖ್ಯವಾದದ್ದು ಮೊದಲು. ಚಿತ್ರವನ್ನು ಇಲ್ಲಿ ಫೋಟೋ ಆಗಿ ಹಾಕಬೇಡಿ, ಡಾಕ್ಯುಮೆಂಟ್ ಆಗಿಯೇ ಕಳಿಸಿ. ಫೋಟೋ ಆಗಿ ಹಾಕಿದರೆ ಆ್ಯಪ್ ಅದನ್ನು ಕುಗ್ಗಿಸುತ್ತದೆ, ಒಳಗಿನ ಸಂದೇಶ ಅಲ್ಲೇ ಹಾಳು. ನಾವು ಬದಲಿಸುವುದು ಪ್ರತಿ ಪಿಕ್ಸೆಲ್‌ನ, ಅಂದರೆ ಚಿತ್ರದ ಪ್ರತಿ ಚುಕ್ಕಿಯ, ಕೆಂಪು, ಹಸಿರು, ನೀಲಿ ಅಂಕಿಗಳ ಕೊನೆಯ ಬಿಟ್ (0 ಅಥವಾ 1) ಮಾತ್ರ, 200 ಇದ್ದದ್ದು 201 ಆದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ ಅಲ್ವಾ, ಆದರೆ ಚಿತ್ರವನ್ನು ಕುಗ್ಗಿಸಿ ಜೆಪೆಗ್ ಫೈಲ್ ಮಾಡುವಾಗ ಅಳಿಸಿಹೋಗುವುದೂ ಇಂಥ ಸಣ್ಣ ವ್ಯತ್ಯಾಸಗಳೇ. ಅದಕ್ಕೇ ಯಾವ ಅಂಕಿಯನ್ನೂ ಬದಲಿಸದೆ ಉಳಿಸುವ ಪಿಎನ್‌ಜಿ ಫೈಲ್ ಬೇಕು. ಸುಮ್ನೆ ಫೈಲಿನ ಹೆಸರು ಬದಲಿಸಿದರೆ ಸಾಲದು, ಪಿಎನ್‌ಜಿ ಆಗಿ ಸೇವ್ ಮಾಡಿ, ಆಮೇಲೆ ಸಂದೇಶ ಸೇರಿಸಿ.

ಜಾಗದ ಚಿಂತೆ ಬೇಡ. ಉದ್ದಗಲ 1000 ಪಿಕ್ಸೆಲ್ ಇರುವ ಚಿತ್ರದಲ್ಲೇ 30 ಲಕ್ಷ ಬಿಟ್, ಅಂದರೆ 3,75,000 ಬೈಟ್ ಹಿಡಿಯುತ್ತದೆ. ಆದರೆ ಜಾಸ್ತಿ ತುಂಬಿದಷ್ಟೂ ಪತ್ತೆ ಹಚ್ಚುವುದು ಸುಲಭ.

ನೀವೇ ತೆಗೆದ ಚಿತ್ರ ಬಳಸಿ. ನೆಟ್‌ನಲ್ಲಿ ಸಿಗುವ ಚಿತ್ರವಾದರೆ ಮೂಲದ ಜೊತೆ ಹೋಲಿಸಿ ಹಿಡಿದುಬಿಡುತ್ತಾರೆ. ಬಚ್ಚಿಡುವ ಮೊದಲು ಸಂದೇಶವನ್ನು ಎನ್‌ಕ್ರಿಪ್ಟ್ ಮಾಡಲೇಬೇಕು (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಬದಲಿಸಬೇಕು), ಬಚ್ಚಿಟ್ಟ ಮಾತ್ರಕ್ಕೆ ಅದು ಭದ್ರವಲ್ಲ. ಪಾಸ್‌ವರ್ಡನ್ನು ಗುಂಪಿನಲ್ಲಿ ಹಾಕದೆ ನಿಮ್ಮ ಜೋಡಿಗೆ ಫೋನ್ ಮಾಡಿ ಹೇಳಿ.

ಶುಕ್ರವಾರ ರಾತ್ರಿಯೊಳಗೆ ಒಂದು ಸಲ ಕಳಿಸಿ, ತೆರೆದು ನೋಡಿ. ಸಂದೇಶ ವಾಪಸ್ ಬಂದರೆ ಇಲ್ಲಿ ‘ಸರಿ’ ಅಂತ ಬರೆಯಿರಿ, ಬರದಿದ್ದರೆ ಎಲ್ಲಿ ನಿಂತಿತು ಅಂತ ತಿಳಿಸಿ, ಒಟ್ಟಿಗೆ ಸರಿಮಾಡೋಣ.