ಅಮ್ಮನ ನೀರಡಿಕೆ: ಮಗಳಿಗೊಂದು ಪತ್ರ

ದಾವಣಗೆರೆ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. "ಅಮ್ಮ ನಾಲ್ಕೂವರೆ ವರ್ಷ ಮೊಣಕಾಲೂರಿದಳು. ಸಿಕ್ಕಿದ್ದೇನಪ್ಪಾ? ನೀನು ಇನ್ನೂ ಹೇಗೆ ಚರ್ಚಿಗೆ ಹೋಗ್ತೀಯ?" ಅಂದೆ. ಊಟ ಆಯ್ತಾ ಅಂತ ಕೇಳಿ ನಾನು ಫೋನ್ ಇಟ್ಟುಬಿಟ್ಟೆ. ಆಮೇಲೆ ಅಂಗಡಿಯಲ್ಲಿ ಸುಟ್ಟುಹೋದ ಸಬ್‌ಮರ್ಸಿಬಲ್ ಮೋಟಾರ್ ಒಂದನ್ನು ಮುಂದಿಟ್ಟುಕೊಂಡು ಸಂಜೆ ತನಕ ಕೂತಿದ್ದೆ. ಒಂದು ಸುತ್ತು ತಂತಿಯನ್ನೂ ಸುತ್ತಲಿಲ್ಲ.

ನಿನ್ನ ಸಿಟ್ಟು ತಪ್ಪು ಅಂತ ಹೇಳೋಕೆ ಈ ಪತ್ರ ಬರೆಯುತ್ತಿಲ್ಲ. ನೀನು ರಜೆಗೆ ಬಂದಾಗ ಅಮ್ಮ ನಗುನಗುತ್ತಾ ಇರುತ್ತಿದ್ದಳು. ಉಳಿದ ದಿನಗಳ ವಿಷಯ ನಿನಗೆ ಹೇಳಬೇಡಿ ಅಂತ ನನ್ನ ಹತ್ತಿರ ಮಾತು ತೆಗೆದುಕೊಂಡಿದ್ದಳು. ಈಗ ಹೇಳುತ್ತೇನೆ. ಹೇಳದಿದ್ದರೆ ನಾನು ಯಾಕೆ ಇನ್ನೂ ಹೋಗುತ್ತೇನೆ ಅನ್ನೋದು ನಿನಗೆ ಗೊತ್ತಾಗಲ್ಲ.

ಡಯಾಲಿಸಿಸ್ ಅಂದರೆ ಎಲ್ಲರೂ ಸೂಜಿಯ ನೋವು ಅಂದುಕೊಳ್ಳುತ್ತಾರೆ. ವಾರಕ್ಕೆ ಮೂರು ದಿನ, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಅದನ್ನು ಅಮ್ಮ ಹೇಗೋ ತಡೆದುಕೊಂಡಳು. ಅವಳನ್ನು ಜಾಸ್ತಿ ಹಣ್ಣು ಮಾಡಿದ್ದು ನೀರಡಿಕೆ. ಕಿಡ್ನಿ ನಿಂತುಹೋದ ಮೇಲೆ ಕುಡಿದ ನೀರು ಹೊರಗೆ ಹೋಗುವುದಿಲ್ಲ. ಕಾಲಿಗೆ ಇಳಿಯುತ್ತದೆ, ಮುಖಕ್ಕೆ ಬರುತ್ತದೆ, ಕೊನೆಗೆ ಶ್ವಾಸಕೋಶಕ್ಕೆ ತುಂಬುತ್ತದೆ. ಅದಕ್ಕೇ ಡಾಕ್ಟರು ದಿನಕ್ಕೆ ಮುಕ್ಕಾಲು ಲೀಟರ್ ಅಂತ ಅಳತೆ ಹಾಕಿಕೊಟ್ಟರು. ಟೀ, ಮಜ್ಜಿಗೆ, ಸಾರು, ಮಾತ್ರೆ ನುಂಗೋ ನೀರು, ಎಲ್ಲಾ ಅದರಲ್ಲೇ. ಎಳನೀರು ಮುಟ್ಟುವ ಹಾಗೇ ಇರಲಿಲ್ಲ. ನಮ್ಮೂರಿನ ಏಪ್ರಿಲ್ ಬಿಸಿಲು ನಿನಗೆ ಗೊತ್ತಲ್ಲ.

ಅಮ್ಮ ಒಂದು ಸ್ಟೀಲ್ ಚೊಂಬು ಇಟ್ಟುಕೊಂಡಿದ್ದಳು. ಬೆಳಿಗ್ಗೆ ಮುಕ್ಕಾಲು ಲೀಟರ್ ಅಳೆದು ಅದಕ್ಕೆ ಹಾಕುವುದು. ಮಧ್ಯೆ ಸಾರು ಕುಡಿದರೆ ಅಷ್ಟು ನೀರನ್ನು ಚೊಂಬಿನಿಂದ ತುಳಸಿ ಗಿಡಕ್ಕೆ ಸುರಿಯುವುದು. ರಾತ್ರಿ ಎಂಟಕ್ಕೆಲ್ಲಾ ಚೊಂಬು ಖಾಲಿ. ಆಮೇಲೆ ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದಳು. ಉಗಿಯುವಾಗ ಅವಳ ಮುಖ ನೋಡೋಕೆ ನನಗೆ ಆಗುತ್ತಿರಲಿಲ್ಲ. ನಾನು ಮಾಡುವ ಕೆಲಸ ಏನು ಹೇಳು? ಊರವರ ಬೋರ್‌ವೆಲ್ ಮೋಟಾರ್ ರಿಪೇರಿ ಮಾಡಿ ತೋಟಕ್ಕೆ ನೀರು ಬರೋ ಹಾಗೆ ಮಾಡುವುದು. ಮನೆಗೆ ಬಂದರೆ ಕೈಹಿಡಿದವಳಿಗೆ ಒಂದು ಲೋಟ ನೀರು ಕೊಡೋ ಹಾಗಿಲ್ಲ.

2022ರ ಮಾರ್ಚ್‌ನಲ್ಲಿ ಒಂದು ರಾತ್ರಿ ಎಚ್ಚರವಾಯಿತು. ಪಕ್ಕದಲ್ಲಿ ಅವಳಿರಲಿಲ್ಲ. ಬಚ್ಚಲಲ್ಲಿ ದೀಪ ಹಾಕದೆ, ನಲ್ಲಿಗೆ ಬಾಯಿ ಕೊಟ್ಟು ಕುಡಿಯುತ್ತಿದ್ದಳು. ನಾನು ಬೈದೆ ಮಗಳೇ. ಏನೇನೋ ಅಂದೆ. "ಸಾಯಬೇಕು ಅಂತಿದ್ದರೆ ನೇರವಾಗಿ ಹೇಳು" ಅಂದೆ. ಅವಳು ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಬಂದು ಮಲಗಿದಳು. ಬೆಳಗಿನ ಜಾವಕ್ಕೆ ಉಸಿರು ಸಿಗದೆ ಒದ್ದಾಡಿದಳು. ಆಟೋದಲ್ಲಿ ಕೂರಿಸಿಕೊಂಡು ಓಡಿದೆ. ಆ ಮಾತನ್ನು ವಾಪಸ್ ತೆಗೆದುಕೊಳ್ಳೋಕೆ ಆಗಲ್ಲ. ಇವತ್ತಿಗೂ ನಲ್ಲಿ ತಿರುಗಿಸಿದರೆ ಅದೇ ಕೇಳಿಸುತ್ತದೆ.

ಅದಾಗಿ ಮೂರ್ನಾಲ್ಕು ವಾರಕ್ಕೆ ಗುಡ್ ಫ್ರೈಡೇ ಬಂತು, ಏಪ್ರಿಲ್ 15. ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಆರಾಧನೆ. ಬೇಡ, ಬಿಸಿಲು ಅಂದೆ. ಕೇಳಲಿಲ್ಲ. ಫ್ಯಾನ್ ಕೆಳಗೆ ಕೂರಿಸಿದೆ. ಐದನೇ ಮಾತು ಬಂತು. ಓದಿದ್ದು ಒಂದೇ ಸಾಲು: "ನನಗೆ ನೀರಡಿಕೆಯಾಗಿದೆ."

ಚಿಕ್ಕಂದಿನಿಂದ ಕೇಳಿದ ಸಾಲು. ಆತ್ಮದ ದಾಹ, ಲೋಕದ ರಕ್ಷಣೆಯ ದಾಹ ಅಂತೆಲ್ಲಾ ಅರ್ಥ ಹೇಳುವುದನ್ನೂ ಕೇಳಿದ್ದೇನೆ. ಅವತ್ತು ಅಮ್ಮ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅವಳಿಗೆ ಅದು ಬರೀ ನೀರಡಿಕೆಯಾಗಿಯೇ ಕೇಳಿಸಿತು. ನಾಲಿಗೆ ಬಾಯಿಯ ಅಂಗಳಕ್ಕೆ ಅಂಟುವ ನೀರಡಿಕೆ. ಸತ್ಯವೇದದ 22ನೇ ಕೀರ್ತನೆಯಲ್ಲಿ ಇರುವುದೂ ಅದೇ ಅಲ್ವಾ?

ಮನೆಗೆ ಬರುವಾಗ ಆಟೋದಲ್ಲಿ ಹೇಳಿದಳು. "ಅವರಿಗೂ ಆಗಿತ್ತು ನೋಡ್ರಿ. ದೇವರಿಗೇ ಆಗಿತ್ತು." ಸ್ವಲ್ಪ ಹೊತ್ತು ಬಿಟ್ಟು, "ಅವರಿಗೆ ಹುಳಿರಸ ಕೊಟ್ಟರು. ನೀವು ನನಗೆ ಐಸ್ ಆದರೂ ಕೊಡ್ತೀರಲ್ಲ" ಅಂದಳು. ಬಚ್ಚಲಿನ ಆ ರಾತ್ರಿಯ ಬಗ್ಗೆ ಅವಳು ಆಡಿದ್ದು ಅಷ್ಟೇ. ನನ್ನನ್ನು ಕ್ಷಮಿಸಿದ್ದೂ ಅಲ್ಲೇ. ನಾನು ಆಟೋದವನ ಮುಂದೆಯೇ ಅತ್ತುಬಿಟ್ಟೆ.

ಐಸ್ ವಿಷಯ ನಿನಗೆ ಗೊತ್ತಿಲ್ಲ. ಫ್ರಿಜ್‌ನಲ್ಲಿ ಚಿಕ್ಕ ಚಿಕ್ಕ ತುಂಡು ಮಾಡಿ ಇಡುತ್ತಿದ್ದೆ. ಒಂದು ತುಂಡು ಬಾಯಲ್ಲಿ ಇಟ್ಟುಕೊಂಡರೆ ಕರಗೋಕೆ ಹೊತ್ತು ಬೇಕು. ಒಂದು ಗುಟುಕು ನೀರಿಗೆ ಅಷ್ಟು ಹೊತ್ತಿನ ತಂಪು. ಆ ಗುಡ್ ಫ್ರೈಡೇ ಆದ ಮೇಲೆ ಅಮ್ಮ ಥರ್ಮಾಸ್ ತುಂಬಾ ಐಸ್ ಹಾಕಿಕೊಂಡು ಡಯಾಲಿಸಿಸ್‌ಗೆ ಹೋಗೋಕೆ ಶುರು ಮಾಡಿದಳು. ಪಕ್ಕದ ಹಾಸಿಗೆಯಲ್ಲಿ ಜಗಳೂರು ಕಡೆಯ ಒಬ್ಬ ಅಜ್ಜಿ. ಆ ಕಡೆ ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿ ಮುಂದೆ ದುಡಿದು ಬರುತ್ತಿದ್ದ ಒಬ್ಬ ಸಾಬರು. ನರ್ಸನ್ನು ಕೇಳಿ, ಅವರವರ ಲೆಕ್ಕ ನೋಡಿ, ಒಂದೊಂದು ತುಂಡು ಕೊಡುತ್ತಿದ್ದಳು. ಅಜ್ಜಿ ಕೊರಳಿನ ಲಿಂಗವನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅಮ್ಮ ತೀರಿಕೊಂಡ ದಿನ ಆ ಸಾಬರು ಮನೆಗೆ ಬಂದರು. ಏನೂ ಮಾತಾಡಲಿಲ್ಲ, ಜಗಲಿಯ ಮೇಲೆ ಕೂತು ಎದ್ದು ಹೋದರು.

ಮಾತಾಡಿದವರೂ ಇದ್ದರು. ನಿಮ್ಮ ನಂಬಿಕೆ ಸಾಲದು, ಯಾವುದೋ ಪಾಪ ಅರಿಕೆ ಮಾಡಿಲ್ಲ ಅಂತ ಅಮ್ಮನ ಮುಖಕ್ಕೇ ಹೇಳಿ ಹೋದವರು. ನಿನ್ನ ಮನಸ್ಸು ಮುರಿದಿದ್ದು ಅಂಥವರಿಂದಲೇ ಅಂತ ನನಗೆ ಗೊತ್ತು. ಅವರ ಮಾತು ಸುಳ್ಳು. ಹುಟ್ಟು ಕುರುಡನನ್ನು ನೋಡಿ ಶಿಷ್ಯರು ಇದನ್ನೇ ಕೇಳಿದರು, ಪಾಪ ಮಾಡಿದ್ದು ಇವನಾ, ಇವನ ತಂದೆತಾಯಿಯಾ ಅಂತ. ಯೇಸು ಇಬ್ಬರೂ ಅಲ್ಲ ಅಂದ. ಸತ್ಯವೇದದಲ್ಲಿ ಎಲ್ಲಾ ಕಳೆದುಕೊಂಡು ನರಳಿದ ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಸುಮ್ಮನೆ ನೆಲದ ಮೇಲೆ ಕೂತಿದ್ದರಲ್ಲ, ಅಲ್ಲಿಯ ತನಕ ಒಳ್ಳೆಯವರೇ. ಬಾಯಿ ಬಿಟ್ಟು ಕಾರಣ ಹೇಳೋಕೆ ಹೊರಟಾಗ ಕೆಟ್ಟರು. ಕೊನೆಗೆ ದೇವರು ಸಿಟ್ಟು ಮಾಡಿಕೊಂಡಿದ್ದು ಅವರ ಮೇಲೆ, ಬೈದು ಕೂಗಾಡಿದ ಯೋಬನ ಮೇಲಲ್ಲ.

ನಿನಗೆ ಪ್ರಾರ್ಥನೆ ಮಾಡೋಕೆ ಆಗದಿದ್ದರೆ 88ನೇ ಕೀರ್ತನೆ ಓದು. ಅದರಲ್ಲಿ ಸಮಾಧಾನ ಇಲ್ಲ. ಕತ್ತಲೆಯ ಮಾತಿನಿಂದಲೇ ಮುಗಿಯುತ್ತದೆ. ಅದನ್ನೂ ಸತ್ಯವೇದದಿಂದ ತೆಗೆದುಹಾಕದೆ ಇಟ್ಟಿದ್ದಾರೆ ಅನ್ನೋದೇ ನನಗೆ ಎಷ್ಟೋ ರಾತ್ರಿ ಆಸರೆಯಾಯಿತು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆ ಕೋಡಿ ಬಿತ್ತು. ಅಮ್ಮನ ತವರು ಹಿರಿಯೂರು ತಾಲೂಕು, ಹಾಗಾಗಿ ಅದು ನಮ್ಮ ಮನೆಯ ಸುದ್ದಿಯೇ. 1907ರಲ್ಲಿ ಕಟ್ಟಿ ಮುಗಿಸಿದ ಡ್ಯಾಮು. ಕೋಡಿ ಬಿದ್ದಿದ್ದು 1933ರಲ್ಲಿ ಒಂದು ಸಲ. ಆಮೇಲೆ 89 ವರ್ಷ ಇಲ್ಲ. ಅವಳ ತಾತ ಹೇಳುತ್ತಿದ್ದದ್ದನ್ನು ಕಥೆ ಅಂದುಕೊಂಡೇ ಬೆಳೆದವಳು. ಡಯಾಲಿಸಿಸ್ ಇಲ್ಲದ ದಿನ ನೋಡಿ ಕರೆದುಕೊಂಡು ಹೋದೆ. ಜಾತ್ರೆಯ ಹಾಗೆ ಜನ. ಅಮ್ಮ ಬೊಗಸೆಯಲ್ಲಿ ನೀರು ಹಿಡಿದಳು. ನನ್ನ ಎದೆ ಹೊಡೆದುಕೊಂಡಿತು. ಅವಳು ಅದನ್ನು ಮುಖಕ್ಕೆ, ಕಣ್ಣಿಗೆ, ಕತ್ತಿಗೆ ಸವರಿಕೊಂಡಳು. ಕುಡಿಯಲಿಲ್ಲ. ಎಷ್ಟೊಂದು ಖುಷಿ ಇತ್ತು ಆ ಮುಖದಲ್ಲಿ!

ಕಾದರೆ ತುಂಬುತ್ತದೆ ಅಂತ ನಿನಗೆ ಹೇಳುತ್ತಿಲ್ಲ. ಆ 89 ವರ್ಷದಲ್ಲಿ ಕಾದು ಕಾದು ಹೋದವರು ಎಷ್ಟು ಜನ! ತೆಂಗಿನ ತೋಟ ಒಣಗಿದ್ದನ್ನು ನೋಡುತ್ತಲೇ ನಿನ್ನ ಅಜ್ಜಿ ಕಣ್ಣು ಮುಚ್ಚಿದಳು. ಅಮ್ಮನಿಗೂ ಕಿಡ್ನಿ ಸಿಗಲಿಲ್ಲ. ನಾನು ಕೇಳಿಕೊಂಡಿದ್ದು ನಡೆಯಲಿಲ್ಲ ಅಂತ ಈಗಲೂ ದೇವರ ಮುಂದೆ ಹೇಳುತ್ತೇನೆ. ಆದರೆ ಆ ಹಾಸಿಗೆಯ ಹತ್ತಿರ ನಾವು ಇಬ್ಬರೇ ಇರಲಿಲ್ಲ ಮಗಳೇ. ನೀರಡಿಕೆ ಅಂದರೆ ಏನು ಅಂತ ಗೊತ್ತಿದ್ದ ಒಬ್ಬ ನಮ್ಮ ಜೊತೆಗಿದ್ದ. ಇದನ್ನು ನಾನು ಕೇಳಿ ನಂಬಿದ್ದಲ್ಲ, ಅಮ್ಮನನ್ನು ನೋಡಿ ನಂಬಿದ್ದು.

ಇನ್ನೊಂದು. ಅಮ್ಮನ ಎಡಗೈಯ ಫಿಸ್ಟುಲಾ, ಡಯಾಲಿಸಿಸ್ ಸೂಜಿ ಚುಚ್ಚೋಕೆ ಅಂತ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ, ನೆನಪಿದೆಯಾ? ಹಗ್ಗದ ಹಾಗೆ ಉಬ್ಬಿತ್ತು. ನೀನು ಮುಟ್ಟೋಕೆ ಹೆದರುತ್ತಿದ್ದೆ. ಬೆರಳಿಟ್ಟರೆ ಒಳಗೆ ಗುಂಯ್ ಅನ್ನುತ್ತಿತ್ತು, ಚೆನ್ನಾಗಿ ಓಡುವ ಮೋಟಾರಿನ ಮೈ ಮುಟ್ಟಿದ ಹಾಗೆ. ಪ್ರತಿ ರಾತ್ರಿ ಅದನ್ನು ಮುಟ್ಟಿ ನೋಡಿಯೇ ಮಲಗುತ್ತಿದ್ದೆ. ಸತ್ತು ಎದ್ದು ಬಂದ ಯೇಸುವಿನ ಕೈಯಲ್ಲಿ ಗಾಯದ ಗುರುತು ಹಾಗೇ ಇತ್ತಲ್ಲ. ಶಿಷ್ಯ ತೋಮನು ನಂಬಿದ್ದು ಅದನ್ನು ನೋಡಿಯೇ. ಹಾಗಾಗಿ ಅಮ್ಮನ ಆ ಕೈಯನ್ನು ಮತ್ತೆ ಹಿಡಿಯುತ್ತೇನೆ, ಹಿಡಿದ ಕೂಡಲೇ ಅವಳೇ ಅಂತ ಗೊತ್ತಾಗುತ್ತದೆ ಅಂತ ನಂಬಿದ್ದೇನೆ. ಪರಲೋಕದಲ್ಲಿ ಯಾರಿಗೂ ಬಾಯಾರಿಕೆ ಆಗುವುದಿಲ್ಲ ಅಂತ ಸತ್ಯವೇದದ ಪ್ರಕಟನೆ ಪುಸ್ತಕದಲ್ಲಿ ಬರೆದಿದೆ. ಮಣ್ಣು ಮಾಡುವಾಗ ಅದನ್ನೇ ಓದಿಸಿದ್ದೆ. ನೀನು ಆಗ ದೂರ ನಿಂತಿದ್ದೆ.

2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು. ನಿನಗೆ ಹೇಳದೆ ಒಬ್ಬನೇ ಹೋಗಿ ಬಂದೆ. ಎರಡು ಬೊಗಸೆ ಕುಡಿದೆ.

ಮುಂದಿನ ತಿಂಗಳು ಬರುತ್ತೀಯಲ್ಲ, ಚರ್ಚಿಗೆ ಕರೆಯುವುದಿಲ್ಲ. ಬೆಳಿಗ್ಗೆ ನಾನು ಹೋಗಿ ಬರುವಾಗ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬರುತ್ತೇನೆ. ಮಲಗಿರು. ಅಮ್ಮನ ಚೊಂಬು ಅಡುಗೆಮನೆ ಶೆಲ್ಫ್ ಮೇಲೆ ಇದೆ. ಬೇಕು ಅನ್ನಿಸಿದರೆ ಬೆಂಗಳೂರಿಗೆ ತೆಗೆದುಕೊಂಡು ಹೋಗು. ಒಳಗಡೆ ಬೆರಳಾಡಿಸಿ ನೋಡು. ಮುಕ್ಕಾಲು ಲೀಟರ್‌ಗೆ ಅಂತ ಅವಳೇ ಮೊಳೆಯಿಂದ ಗೀರಿದ ಗೆರೆ ಇನ್ನೂ ಇದೆ.

ಇಂತಿ,
ನಿನ್ನ ಅಪ್ಪ