ಬಿಳಿ ನಕ್ಷತ್ರವೆಲ್ಲ ಶ್ವೇತಕುಬ್ಜವಲ್ಲ

ಮಾನ್ಯ ಸಂಪಾದಕರೆ,

ಎಂಟನೇ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಕಿರುಪರೀಕ್ಷೆಯಲ್ಲಿ ಲುಬ್ಧಕವನ್ನು (ಸಿರಿಯಸ್) ‘ಸೂರ್ಯನಿಗಿಂತ ಬಿಸಿಯಾದ, ಹರೆಯದ ನಕ್ಷತ್ರ’ ಎಂದು ಬರೆದಿದ್ದಳು. ಆ ಉತ್ತರಕ್ಕೆ ಕೆಂಪು ಗೀಟು ಎಳೆದು, ‘ಬಿಳಿ ನಕ್ಷತ್ರವೆಂದರೆ ಶ್ವೇತಕುಬ್ಜ, ಸತ್ತ ನಕ್ಷತ್ರ’ ಎಂದು ತಿದ್ದಲಾಗಿದೆ. ಶ್ವೇತಕುಬ್ಜವೆಂದರೆ ಉರುವಲು ತೀರಿ ಕುಗ್ಗಿದ ನಕ್ಷತ್ರದ ಉಳಿಕೆ. ಮೂವತ್ತು ವರ್ಷ ವಿಜ್ಞಾನ ಕಲಿಸಿದ ನನಗೆ ಇದನ್ನು ನೋಡಿ ಸುಮ್ಮನಿರಲಾಗಲಿಲ್ಲ.

ನಮ್ಮೂರ ಕಂಬಾರರ ಕುಲುಮೆಯಲ್ಲಿ ತಿದಿ ಒತ್ತಿದಂತೆಲ್ಲ ನೇಗಿಲ ಕುಳ ಮೊದಲು ಕೆಂಪಾಗಿ, ಆಮೇಲೆ ಹಳದಿಗೆ ತಿರುಗಿ, ಇನ್ನೂ ಕಾಯಿಸಿದರೆ ಬೆಳ್ಳಗೆ ಹೊಳೆಯುತ್ತದೆ. ನಕ್ಷತ್ರದ ಬಣ್ಣವೂ ಹಾಗೆಯೇ ಅದರ ಮೈಕಾವನ್ನು ಹೇಳುತ್ತದೆ. ಸತ್ತಿದೆಯೋ ಬದುಕಿದೆಯೋ ಎಂಬುದನ್ನು ಬಣ್ಣವೊಂದರಿಂದಲೇ ಹೇಳಲಾಗದು. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಇದ್ದರೆ ಲುಬ್ಧಕದ್ದು 9,600ರ ಆಸುಪಾಸಿನಲ್ಲಿದೆ. ಸೂರ್ಯನ ಎರಡು ಪಟ್ಟು ದ್ರವ್ಯರಾಶಿ, 1.7 ಪಟ್ಟು ವ್ಯಾಸ, ಸುಮಾರು 25 ಪಟ್ಟು ಬೆಳಕು ಇರುವ ಈ ನಕ್ಷತ್ರವು ತನ್ನ ಒಡಲಿನ ಜಲಜನಕವನ್ನು ಹೀಲಿಯಂ ಆಗಿಸುತ್ತ ಮುಖ್ಯ ಶ್ರೇಣಿಯಲ್ಲಿಯೇ, ಅಂದರೆ ನಕ್ಷತ್ರಗಳು ಸ್ಥಿರವಾಗಿ ಉರಿಯುವ ಹಂತದಲ್ಲಿಯೇ ಇದೆ. ಅದರ ವಯಸ್ಸು ಇಪ್ಪತ್ತೈದು ಕೋಟಿ ವರ್ಷವನ್ನೂ ದಾಟಿಲ್ಲ. ನಮ್ಮ ಸೂರ್ಯನಿಗೋ ನಾಲ್ಕೂವರೆ ನೂರು ಕೋಟಿ.

ಗೊಂದಲ ಎಲ್ಲಿಂದ ಹುಟ್ಟಿತೆಂಬುದೂ ನನಗೆ ಅರ್ಥವಾಗುತ್ತದೆ, ಏಕೆಂದರೆ ಲುಬ್ಧಕದ ಜೊತೆಗಾರನೊಂದು ನಿಜಕ್ಕೂ ಶ್ವೇತಕುಬ್ಜ. ಅದನ್ನು ಪತ್ತೆ ಹಚ್ಚಿದ ಬಗೆಯನ್ನು ಮಕ್ಕಳಿಗೆ ಹೇಳಲೇಬೇಕು. ನಕ್ಷತ್ರಗಳು ಅಲುಗುವುದಿಲ್ಲವೆಂದು ನಂಬಿದ್ದ ಕಾಲದಲ್ಲಿ, 1718ರಲ್ಲಿ, ಇಂಗ್ಲೆಂಡಿನ ಖಗೋಳವಿಜ್ಞಾನಿ ಹ್ಯಾಲಿ ಪ್ರಾಚೀನ ಗ್ರೀಕರ ದಾಖಲೆಗಳೊಡನೆ ಹೋಲಿಸಿ ಲುಬ್ಧಕವು ಜಾಗ ಬದಲಿಸಿದೆಯೆಂದು ಕಂಡುಕೊಂಡರು. ಅದು ಚಂದ್ರಬಿಂಬದಷ್ಟು ಅಗಲ ಸರಿಯಲು ಸುಮಾರು 1,350 ವರ್ಷ ಬೇಕು. ಆ ನಡೆಯೂ ನೇರವಾಗಿಲ್ಲ, ಹಾವಿನಂತೆ ಬಳುಕುತ್ತದೆ ಎಂಬುದನ್ನು ಗಮನಿಸಿದ ಜರ್ಮನಿಯ ಖಗೋಳವಿಜ್ಞಾನಿ ಬೆಸೆಲ್, ಕಾಣದ ಜೊತೆಗಾರನೊಂದು ಅದನ್ನು ಎಳೆಯುತ್ತಿದೆ ಎಂದು 1844ರಲ್ಲಿ ತಿಳಿಸಿದರು. 1862ರಲ್ಲಿ ಅಮೆರಿಕದಲ್ಲಿ ಹೊಸ ದೂರದರ್ಶಕವೊಂದರ ಮಸೂರವನ್ನು ಪರೀಕ್ಷಿಸುವಾಗ ದೂರದರ್ಶಕ ತಯಾರಕ ಕ್ಲಾರ್ಕ್ ಅವರ ಕಣ್ಣಿಗೆ ಅದು ಬಿತ್ತು. ಭೂಮಿಯಷ್ಟೇ ಗಾತ್ರ, ಸೂರ್ಯನಷ್ಟು ತೂಕ! ಎರಡೂ ಪರಸ್ಪರ ಒಂದು ಸುತ್ತು ಮುಗಿಸಲು 50 ವರ್ಷ ಹಿಡಿಯುತ್ತದೆ. ಬರಿಗಣ್ಣಿಗೆ ಕಾಣುವುದು ಮಾತ್ರ ದೊಡ್ಡದೊಂದೇ, ಮೊಮ್ಮಗಳು ಬರೆದದ್ದೂ ಅದರ ಬಗ್ಗೆಯೇ.

ಹೋದ ಅಂಕ ಹೋಗಲಿ, ಆದರೆ ಆ ತರಗತಿಯ ಮಕ್ಕಳೆಲ್ಲ ತಪ್ಪನ್ನೇ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದಾರೆ. ‘ಮಿರಗ ಕೂಡಿತು’ ಎಂದು ಬಿತ್ತನೆಗೆ ಇಳಿಯುವ ನಮ್ಮ ಸೀಮೆಯಲ್ಲಿ ಮೃಗಶಿರದ ನೆರೆಯ ಈ ನಕ್ಷತ್ರವನ್ನು ಗುರುತಿಸುವುದು ಕಷ್ಟವೇನಲ್ಲ. ಫೆಬ್ರುವರಿಯಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ಅದು ದಕ್ಷಿಣದಲ್ಲಿ ಎತ್ತರಕ್ಕೆ ಬಂದಿರುತ್ತದೆ. ಶಿಕ್ಷಕರು ಒಂದು ಸಂಜೆ ಮಕ್ಕಳನ್ನು ಶಾಲೆಯ ಮಾಳಿಗೆ ಹತ್ತಿಸಿ ಅದನ್ನು ತೋರಿಸಿ, ಆ ಟಿಪ್ಪಣಿಯನ್ನು ತಿದ್ದಿಸಬೇಕೆಂದು ವಿನಂತಿ.

— ನಿವೃತ್ತ ವಿಜ್ಞಾನ ಶಿಕ್ಷಕ, ಕೊಪ್ಪಳ